ನಿನ್ನೆಯೇ ಹೊರಟ ಕೋಟು

ಚಲನೆ ಎಂದರೇನು ಎಂದು ಇಷ್ಟು ವರ್ಷ ಪಾಠ ಹೇಳಿದ್ದರೂ, ನಾನು ಮನೆಯಿಂದ ಯಾವಾಗ ಹೊರಟೆ ಎಂಬುದು ನನಗೆ ಖಚಿತವಾಗಿ ತಿಳಿದಿರುವುದಿಲ್ಲ. ಅದು ನನ್ನ ಹೆಂಡತಿ ಶಾರದೆಗೆ ತಿಳಿದಿರುತ್ತದೆ. ಹೊರಡುವ ದಿನ ಆ ದಿಕ್ಕಿಗೆ ಆಗಿಬರದಿದ್ದರೆ, ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ ನಮ್ಮದೊಂದು ಸಾಮಾನನ್ನು ಆ ದಿಕ್ಕಿನ ನೆರೆಮನೆಯಲ್ಲಿ ಇಟ್ಟು ಬರಬೇಕು. ಇದಕ್ಕೆ ಪರಸ್ಥಾನ ಎನ್ನುತ್ತಾರೆ. ಸಾಮಾನು ಹೊರಟಿತೆಂದರೆ ನಾವೂ ಹೊರಟೆವೆಂದು ಲೆಕ್ಕ. ಆಮೇಲೆ ನಾವು ಮನೆಯಲ್ಲೇ ಉಂಡು ಮಲಗಿದರೂ ಪ್ರಯಾಣದಲ್ಲಿರುತ್ತೇವೆ. ನನ್ನ ಭೌತಶಾಸ್ತ್ರದಲ್ಲಿ ಇದಕ್ಕೆ ಸೂತ್ರವಿಲ್ಲ.

ಮೈಲಿ ಹೋಗಿ ಕಿಲೋಮೀಟರು ಪಠ್ಯಕ್ಕೆ ಬಂದಿದ್ದ ಕಾಲ. ಪಡುವಣ ದಿಕ್ಕಿನ ಗುಬ್ಬಿಗೆ ಶುಕ್ರವಾರ ಹೋಗಿ, ಗ್ರಹಗಳ ದೂರ ಮತ್ತು ಚಲನೆಯ ಬಗ್ಗೆ ಮಾದರಿ ಪಾಠ ಮಾಡಬೇಕೆಂದು ತುಮಕೂರಿನಲ್ಲಿದ್ದ ನನಗೆ ಅಪ್ಪಣೆಯಾಯಿತು. ಇನ್ಸ್‌ಪೆಕ್ಟರು ಬಂದು ಕೂರುತ್ತಾರೆ, ಅವರು ಮೆಚ್ಚಿದರೆ ಹೆಡ್‌ಮಾಸ್ಟರಿಕೆ. ಕೋಟಿಲ್ಲದವರನ್ನು ಅವರು ಮೇಷ್ಟರೆಂದೇ ಎಣಿಸುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೆದರಿಸಿದ್ದರು. ನನಗಿದ್ದದ್ದು ಒಂದೇ ಕೋಟು.

"ಶುಕ್ರವಾರ ಪಡುವಲಿಗೆ ಶೂಲ ಕಣ್ರೀ, ಹೊರಡಬಾರ್ದು," ಎಂದಳು ಶಾರದೆ.

"ರೈಲು ಪಂಚಾಂಗ ನೋಡಲ್ಲ ಕಣೇ."

"ರೈಲಿಗೇನು ಹೆಡ್‌ಮಾಸ್ಟರ್ ಆಗ್ಬೇಕಾ?"

ಏನಾದರೂ ಮರೆತೇನೆಂಬ ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಕೋಟನ್ನೂ, ಸೂರ್ಯನಾಗಬೇಕಿದ್ದ ತೆಂಗಿನಕಾಯಿಯನ್ನೂ, ಭೂಮಿಯಾಗಬೇಕಿದ್ದ ಸಾಸಿವೆಯ ಪೊಟ್ಟಣವನ್ನೂ ಒಂದೇ ಚೀಲಕ್ಕೆ ತುಂಬಿ, ಗುರುವಾರವೇ ಪಡುವಣ ಮನೆಯ ರಂಗಪ್ಪನವರ ನಡುಮನೆಯಲ್ಲಿ ಇಟ್ಟು ಬಂದೆ.

ಬೆಳಿಗ್ಗೆ ಹೋದರೆ ಬಾಗಿಲಿಗೆ ಬೀಗ. ರಂಗಪ್ಪನವರು ಸಂಸಾರ ಸಮೇತ ಮೊದಲ ಬಸ್ಸಿಗೆ ಯಡಿಯೂರಿಗೆ ಹೋಗಿದ್ದರು. ಕಿಟಕಿಯ ಸರಳಿನಾಚೆ ಬೆಂಚಿನ ಮೇಲೆ ನನ್ನ ಚೀಲ ಕಾಣುತ್ತಿತ್ತು. ಕಣ್ಣಿಗೆ ಕಂಡ ಮಾತ್ರಕ್ಕೆ ನಕ್ಷತ್ರ ಹತ್ತಿರವಿದೆಯೆಂದು ತಿಳಿಯಬಾರದು ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅದು ನನಗೇ ಅರ್ಥವಾದದ್ದು ಆಗ. ಕೊಡೆಯ ಹಿಡಿ ತೂರಿಸಿ ಎಳೆದೆ. ಸೂರ್ಯ ಉರುಳಿ ಬೆಂಚಿನಡಿ ಸೇರಿದ. ಕೋಟು ಕದಲಲಿಲ್ಲ. ರೈಲಿನ ಹೊತ್ತಾಗಿತ್ತು. ಬೇರೆ ಕೋಟು ಯಾರಲ್ಲಾದರೂ ಸಿಕ್ಕೀತೇ ಎಂದು ಕೇಳಲು ಮನೆಯ ಕಡೆ ತಿರುಗಿದರೆ, ಶಾರದೆ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ಹಿಂದಕ್ಕೆ ಬರಬೇಡಿ. ನೀವು ನಿನ್ನೇನೇ ಹೊರಟಾಗಿದೆ."

ಗುಬ್ಬಿಯಲ್ಲಿ ಇನ್ಸ್‌ಪೆಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೋಟೆಲ್ಲಿ ಮೇಷ್ಟ್ರೇ?"

ಸುಳ್ಳು ಹೊಳೆಯಲಿಲ್ಲ. "ನಿನ್ನೆಯೇ ಹೊರಟಿದೆ ಸಾರ್. ಇನ್ನೂ ಬಂದಿಲ್ಲ."

ಅವರು ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದರು. "ಪಕ್ಕದ ಮನೆಯವ್ರು ಬೀಗ ಹಾಕ್ಕೊಂಡು ಹೋದ್ರಾ?"

"ಹೌದು ಸಾರ್."

"ಕೋಟು ಯಾಕ್ರೀ ಇಟ್ರಿ? ನಾನು ಯಾವಾಗ್ಲೂ ಚಪ್ಪಲಿ ಇಡ್ತೀನಿ. ಶುರು ಮಾಡಿ ಪಾಠ."

ಬೋರ್ಡಿನ ಮೇಲೆ ಸೂರ್ಯನನ್ನು ಬರೆದು, ಭೂಮಿಯನ್ನು ಸುತ್ತಿಸಿ ಪಾಠ ಮುಗಿಸಿದೆ. ಅವರು ಮೆಚ್ಚಿದ್ದು ನನ್ನ ಪಾಠವನ್ನೋ ಪರಸ್ಥಾನವನ್ನೋ ತಿಳಿಯದು. ಕೆಲವು ತಿಂಗಳಲ್ಲಿ ಕುಣಿಗಲ್ಲಿಗೆ ಹೆಡ್‌ಮಾಸ್ಟರಾಗಿ ಆರ್ಡರು ಬಂತು.

ಹಾಜರಾಗಬೇಕಿದ್ದದ್ದು ಗುರುವಾರ, ಕುಣಿಗಲ್ಲು ತೆಂಕಲಿಗೆ, ಗುರುವಾರ ತೆಂಕಲಿಗೆ ಶೂಲ. ಈ ಸಲ ನಾನು ಬುದ್ಧಿವಂತ. ಇನ್ಸ್‌ಪೆಕ್ಟರ ಮಾತಿನಂತೆ ಬುಧವಾರವೇ ತೆಂಕಣ ಮನೆಯಲ್ಲಿ ಚಪ್ಪಲಿ ಬಿಟ್ಟು ಬಂದೆ. ಮರುದಿನ ಆ ಮನೆಯವರು ಬಾಗಿಲು ತೆರೆದುಕೊಂಡೇ ಕುಳಿತಿದ್ದರಂತೆ. ಕೋಟು ಮೈಮೇಲಿದೆಯೇ ಎಂದು ಮತ್ತೆ ಮತ್ತೆ ತಡವಿಕೊಳ್ಳುತ್ತಾ ನಾನು ಅವರ ಮನೆ ದಾಟಿ, ಬಸ್ಸು ಹತ್ತಿ, ಕುಣಿಗಲ್ಲಿನಲ್ಲಿ ಇಳಿದೆ. ಬಿಸಿಲಿಗೆ ನೆಲ ಕಾದಿತ್ತು; ವಿಷಯ ಗೊತ್ತಾದದ್ದು ಆಗ. ಹೊಸ ಹೆಡ್‌ಮಾಸ್ಟರು ತುಂಬ ಗಂಭೀರ ಸ್ವಭಾವದವರು, ಕುರ್ಚಿ ಬಿಟ್ಟು ಏಳುವುದೇ ಇಲ್ಲ ಎಂದು ಮೊದಲ ದಿನವೇ ಶಾಲೆಯಲ್ಲೆಲ್ಲ ಹೆಸರಾಯಿತು. ಸಂಜೆ ಎಲ್ಲರೂ ಹೋಗುವವರೆಗೆ ನಾನು ಮೇಜಿನಡಿ ಪಾದಗಳನ್ನು ಮಡಚಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು ಕುಳಿತಿದ್ದೆ.