ನಾನಿದ್ದೇನೆಂದು ಒಪ್ಪದ ಸೆನ್ಸರ್ ಮಹಾಶಯರಿಗೆ

ಬಣ್ಣ ತಪಾಸಣೆ ಕೋಣೆಯ ಚಾವಣಿಯಲ್ಲಿ ತಲೆಕೆಳಗಾಗಿ ವಿರಾಜಮಾನರಾಗಿ, ಯಾರಾದರೂ ಅಲ್ಲಾಡಿದರೆ ದೀಪ ಹಚ್ಚಿ, ಅಲ್ಲಾಡದಿದ್ದರೆ ಆರಿಸಿ, ಕಂಪನಿಯ ಕರೆಂಟು ಕಾಯುತ್ತಿರುವ ಮಾನ್ಯರೇ,

ಕೆಳಗಿನಿಂದ ಎರಡೂ ಕೈ ಎತ್ತಿ ಮುಗಿಯುತ್ತಿದ್ದೇನೆ. ದಯವಿಟ್ಟು ಇದನ್ನೂ ಅಲ್ಲಾಟವೆಂದೇ ಪರಿಗಣಿಸಿ ದೀಪವನ್ನು ಇನ್ನೊಂದು ಗಳಿಗೆ ಉರಿಸಿರಿ.

ನಮ್ಮ ಕಂಪನಿ ಹೊಗೆ ಕಾರು ಬಿಟ್ಟು ಬ್ಯಾಟರಿ ಕಾರಿಗೆ ಹೊರಳಿದ್ದು, ಮಾಡಿನ ತುಂಬ ಸೋಲಾರ್ ಹಾಸಿದ್ದು, ಗೇಟಿನ ಪಕ್ಕ ಗಿಡ ನೆಟ್ಟಿದ್ದು ಎಲ್ಲವೂ ನನಗೆ ಸಂತೋಷವೇ. ಊರು ಬಿಟ್ಟು ಇಲ್ಲಿಗೆ ಬಂದಾಗಿನಿಂದ ಕೆಮ್ಮುತ್ತಿದ್ದವನು ಈಗ ಕೆಮ್ಮುವುದಿಲ್ಲ. ಕೆಮ್ಮಿದ್ದರೆ ನಾನಿರುವುದು ತಮಗೆ ತಿಳಿಯುತ್ತಿತ್ತೇನೋ ಎಂಬ ಕೊರಗು ಮಾತ್ರ ಉಳಿದಿದೆ. ಹೊಸ ಕಾರಿನ ಬಣ್ಣದಲ್ಲಿ ಕೂದಲೆಳೆಯಷ್ಟು ಗೀರು ಕಾಣಬೇಕಾದರೆ ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತು ನೋಡಬೇಕು. ಅದೇ ನನ್ನ ಕೆಲಸ. ನಾನು ಹಾಗೆ ನಿಂತ ಕೂಡಲೇ ಕೋಣೆಯಲ್ಲಿ ನರಪಿಳ್ಳೆಯೂ ಇಲ್ಲವೆಂದು ತೀರ್ಮಾನಿಸಿ ದೀಪ ಆರಿಸುವುದು ತಮ್ಮ ಕೆಲಸ.

ಹೋದ ತಿಂಗಳು ಸೂಪರ್‌ವೈಸರ್ ನನ್ನನ್ನು ಕರೆದು, "ಅಲ್ಲಯ್ಯಾ, ಆ ಕೋಣೇಲಿ ಯಾರೂ ಇರಲ್ಲ ಅಂತ ಸೆನ್ಸರ್ ಹೇಳ್ತಿದೆ, ನಿನ್ನ ಕಾಂಟ್ರಾಕ್ಟ್ ಯಾಕೆ ಮುಂದುವರಿಸ್ಬೇಕು?" ಎಂದರು. ನಿಮ್ಮ ಕಣ್ಣೆದುರೇ ಇದ್ದೀನಲ್ಲ ಸಾರ್ ಎಂದರೆ, "ನಂಗೆ ಕಾಣ್ತೀಯಪ್ಪಾ, ಅದಕ್ಕೆ ಕಾಣ್ಬೇಕಲ್ಲ!" ಎಂದು ತಲೆ ಕೆರೆದುಕೊಂಡರು.

ಅಂದಿನಿಂದ ಕಣ್ಣು ಬಾನೆಟ್ಟಿನ ಮೇಲೆ, ಕೈ ಗಾಳಿಯಲ್ಲಿ, ಸೊಂಟ ಎಲ್ಲೆಂದರಲ್ಲಿ ಇಟ್ಟುಕೊಂಡು ಕುಣಿಯುತ್ತಲೇ ದುಡಿಯುತ್ತಿದ್ದೇನೆ. ನನ್ನ ರೂಮಿನಲ್ಲಿರುವ ವೆಲ್ಡರ್ ಅಣ್ಣ, "ಲೋ, ನಿದ್ದೇಲೂ ಕೈ ಬೀಸ್ತೀಯಲ್ಲೋ, ನನ್ನ ಮೂಗು ಉಳಿಸೋ!" ಎಂದು ಅಂಗಲಾಚುತ್ತಾನೆ. ಫೋನಿನಲ್ಲಿ ವಿಷಯ ಕೇಳಿದ ಅಮ್ಮ, "ಕುಣಿಯೋದಕ್ಕೆಲ್ಲ ಸಂಬಳ ಕೊಡ್ತಾರೇನೋ ಮಗಾ? ಹಾಗಿದ್ರೆ ನಿನ್ನ ತಮ್ಮನ್ನೂ ಸೇರಿಸ್ಬಿಡು" ಎಂದಳು.

ತಮ್ಮ ಔದಾರ್ಯ ಅಲ್ಲಿಗೂ ನಿಲ್ಲಲಿಲ್ಲ. ಈ ತಿಂಗಳು ನನ್ನ ಕುಣಿತವನ್ನೆಲ್ಲ ಲೆಕ್ಕ ಹಾಕಿ, ಆ ಕೋಣೆಯಲ್ಲಿ ಒಂಬತ್ತು ಜನ ಇದ್ದಾರೆಂದು ಹೇಳಿಬಿಟ್ಟಿರಂತೆ! ಹಸಿರು ಕಾರ್ಖಾನೆಯಲ್ಲಿ ಇಷ್ಟೊಂದು ಗುಂಪು ಕೂಡದು, ಎಂಟು ಜನರನ್ನು ಮನೆಗೆ ಕಳಿಸಿ ಎಂದು ಮೇಲಿನಿಂದ ಹುಕುಂ ಬಂದಿದೆ. ಆ ಒಂಬತ್ತೂ ಜನ ನಾನೇ, ಮಾನ್ಯರೇ. ಆದ್ದರಿಂದ ಕುಣಿಯುವ ಆ ಎಂಟು ಸೋಮಾರಿಗಳನ್ನು ಯಾವ ದಾಕ್ಷಿಣ್ಯವೂ ಇಲ್ಲದೆ ತೆಗೆದುಹಾಕಿಸಿ, ಸುಮ್ಮನೆ ನಿಂತು ಕೆಲಸ ಮಾಡುವ ಒಬ್ಬನನ್ನು ಉಳಿಸಿಕೊಡಬೇಕಾಗಿ ಬೇಡುತ್ತೇನೆ. ಬೀಳ್ಕೊಡುವಾಗ ಅವರಿಗಾಗಿ ಅಳುವ ಜವಾಬ್ದಾರಿ ನನ್ನದು.

ಒಂಬತ್ತೂ ಜನರ ಪರವಾಗಿ,
ತಮ್ಮ ವಿಶ್ವಾಸಿ,
ಬಣ್ಣ ನೋಡುವವನು

ತಾ.ಕ.: ಯಾರನ್ನು ತೆಗೆಯುವುದೆಂದು ನಿರ್ಧರಿಸಲು ಇವತ್ತು ದೊಡ್ಡ ಸಾಹೇಬರೇ ನಮ್ಮ ಕೋಣೆಗೆ ಬಂದು, ಕುರ್ಚಿಯಲ್ಲಿ ಕೂತು, ಗಂಭೀರವಾಗಿ ಯೋಚಿಸತೊಡಗಿದರು. ಮರ್ಯಾದೆಗೆಂದು ನಾನೂ ಕೈಕಟ್ಟಿ ನಿಂತೆ. ತಾವು ಥಟ್ಟನೆ ದೀಪ ಆರಿಸಿದಿರಿ. ಕತ್ತಲಲ್ಲಿ ಅವರು "ಯಾರಾದ್ರೂ ಇದೀರೇನ್ರಪ್ಪಾ?" ಎಂದು ಕೂಗಿದಾಗ ನಾವು ಒಂಬತ್ತೂ ಜನ ಉಸಿರೆತ್ತಲಿಲ್ಲ. ಸಾಹೇಬರು ಕೂತ ಕುರ್ಚಿ ಖಾಲಿಯಿದೆ ಎಂಬ ತಮ್ಮ ವರದಿಯಿಂದ, ತೆಗೆಯಬೇಕಾದವರ ಪಟ್ಟಿಗೆ ಈ ಸಲವಾದರೂ ಸರಿಯಾದವರ ಹೆಸರು ಹೋಗಲಿ.