ಡಬ್ಬಿಯ ಮೇಲೆ ಅತ್ತೆಯ ಹೆಸರು

ಮನೆಮನೆಗೆ ಮಲಪರೀಕ್ಷೆಯ ಡಬ್ಬಿ ಹಂಚುವ ನರ್ಸಿಗೆ ನಗುವಿಗೇನೂ ಬರವಿಲ್ಲ. ಆದರೆ ಎರಡು ತಿಂಗಳಿಂದ ನನಗೆ ಆ ನಗು ಬಾಯಲ್ಲೇ ಉಳಿಯುತ್ತಿತ್ತು. ಬೆಳಿಗ್ಗೆ ಕಕ್ಕಸಿಗೆ ಹೋದರೆ ರಕ್ತ ಕಾಣುತ್ತಿತ್ತು. 'ಮೂಲವ್ಯಾಧಿ ಇರಬೇಕು' ಎಂದು ನನಗೆ ನಾನೇ ಡಾಕ್ಟರಾಗಿದ್ದೆ. ಊರಿಗೆ ಹೇಳುವ ಬುದ್ಧಿ ಬೇರೆ: ಕರುಳಿನ ಕ್ಯಾನ್ಸರ್ ಬೇಗ ಸಿಕ್ಕರೆ ವಾಸಿಯಾಗುತ್ತೆ, ಮುಚ್ಚಿಡಬೇಡಿ!

೧. ಒಂದಗುಳು

ಹೋಳೂರಿನ ಒಂದು ಮನೆಯಲ್ಲಿ ಐವತ್ತು ದಾಟಿದವರು ನಾಲ್ಕು ಜನ. ನಾಲ್ಕು ಡಬ್ಬಿ ಕೊಟ್ಟೆ. ಮಾರನೆಯ ದಿನ ಯಜಮಾನಿ ಒಂದನ್ನು ಮಾತ್ರ ಕೊಟ್ಟಳು.

"ಇನ್ನು ಮೂರು ಎಲ್ಲಮ್ಮಾ?"

"ಎಲ್ರೂ ತಿನ್ನೋದು ಒಂದೇ ಒಲೆ ಅಡುಗೆ. ಅನ್ನ ಬೆಂದೈತಾ ನೋಡೋಕೆ ಒಂದಗುಳು ಸಾಲ್ದಾ?"

ಖಾಲಿ ಡಬ್ಬಿಗಳನ್ನಾದರೂ ಕೊಡಿ ಎಂದೆ. ಅವು ಆಗಲೇ ಅಡುಗೆಮನೆ ಸೇರಿದ್ದವು. ಸಾಸಿವೆ, ಜೀರಿಗೆ, ಮೆಂತ್ಯ.

"ಮುಚ್ಚಳ ಶಾನೆ ಗಟ್ಟಿ ಕಣಮ್ಮ," ಎಂದು ಮೆಚ್ಚಿಕೊಂಡಳು.

೨. ಕೋಲಿನ ತುದಿ

ಮುಳಬಾಗಿಲಿನ ಅರ್ಚಕರೊಬ್ಬರು ತಮ್ಮ ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತಿ, ಮಾರುದ್ದದ ಕೋಲಿನ ತುದಿಗೆ ನೇತುಹಾಕಿಕೊಂಡು ಆಸ್ಪತ್ರೆ ಬಾಗಿಲಿಗೆ ಬಂದರು.

"ಸ್ವಾಮಿ, ನಿಮ್ಮ ಹೊಟ್ಟೇಲೇ ಇದ್ದದ್ದಲ್ವಾ?"

"ಒಳಗಿದ್ದಾಗ ಮೈಲಿಗೆ ಇಲ್ಲಮ್ಮಾ," ಎಂದರು. ಒಂದು ಹೆಜ್ಜೆ ಹೋಗಿ ತಿರುಗಿದರು. "ರಿಸಲ್ಟ್ ಮಾತ್ರ ಅಮಾವಾಸ್ಯೆ ದಿನ ಹೇಳ್ಬೇಡಿ."

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅವರು ಕೋಲಿನ ತುದಿಯಲ್ಲಾದರೂ ತಂದುಕೊಟ್ಟರು. ನನ್ನ ಡಬ್ಬಿ ಇನ್ನೂ ಬೀರುವಿನಲ್ಲಿ, ಸೀರೆಯ ಮಡಿಕೆಯಲ್ಲಿತ್ತು.

೩. ಮರ್ಯಾದೆ

ಕೊನೆಗೆ ನಾನೂ ಕೊಟ್ಟೆ. ಆದರೆ ಲ್ಯಾಬಿನವರೆಲ್ಲ ಗೊತ್ತಿರುವವರು, ನಾಚಿಕೆ. ಡಬ್ಬಿಯ ಮೇಲೆ ಅತ್ತೆಯ ಹೆಸರು, ಅತ್ತೆಯ ಫೋನ್ ನಂಬರು ಬರೆದೆ. ಅವರ ಫೋನು ಎತ್ತುವುದು ಹೇಗೂ ನಾನೇ ತಾನೆ!

ಕೋಲಾರದ ಡಾಕ್ಟರು ಫೋನು ಮಾಡಿದ ದಿನ ನಾನು ಬಟ್ಟೆ ಒಗೆಯುತ್ತಿದ್ದೆ.

"ನನ್ನದ್ರಲ್ಲಿ ರಕ್ತಾನಾ? ನಾನು ಕೊಟ್ಟೇ ಇಲ್ವಲ್ಲಪ್ಪಾ!" ಎಂದು ಅತ್ತೆ ಕೂಗಿದ್ದು ಹಿತ್ತಲಿಗೂ ಕೇಳಿಸಿತು. ಫೋನು ಹಿಡಿದುಕೊಂಡೇ ಬಂದು ನನ್ನೆದುರು ನಿಂತರು. ನಾನು ಸೋಪಿನ ಕೈಯಲ್ಲೇ ಮುಖ ಮುಚ್ಚಿಕೊಂಡು 'ಅದು ನಂದು' ಎಂದು ಅತ್ತುಬಿಟ್ಟೆ.

"ಊರಿಗೆಲ್ಲ ಡಬ್ಬಿ ಹಂಚೋಳು ನೀನು. ನಿಂಗೇ ನಾಚಿಕೆನಾ? ಏಳೇ, ಕೋಲಾರಕ್ಕೆ ಹೋಗೋಣ!"

ಬಸ್ಸಿನಲ್ಲಿ ಅತ್ತೆ ನನ್ನ ಕೈ ಬಿಡಲಿಲ್ಲ. ಪಕ್ಕದ ಸೀಟಿನವಳು "ಯಾಕೆ ಅಳ್ತಾವ್ಳೆ?" ಎಂದಾಗ "ತವರು ನೆನಪಾಗೈತೆ" ಎಂದರು. ನನ್ನ ಅಮ್ಮನ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ.

ಕ್ಯಾಮೆರಾದ ಕೊಳವೆ ಹಾಕಿ ನೋಡಿದಾಗ ಕರುಳಿನಲ್ಲಿ ಒಂದು ಸಣ್ಣ ಗಂಟು. ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ, ಅತ್ತೆಗೆ ನಿದ್ದೆ ಬರಲಿಲ್ಲ. ಕೊನೆಗೆ ಬಂತು: ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಿತ್ತಂತೆ.

ವರದಿ ಹಿಡಿದು ಮನೆಗೆ ಬಂದವಳೇ ಹೊಸ ಡಬ್ಬಿಯೊಂದನ್ನು ಅತ್ತೆಯ ಮುಂದಿಟ್ಟೆ. "ಈಗ ನಿಮ್ಮ ಸರದಿ."

ಅತ್ತೆ ಅದನ್ನು ತಿರುಗಿಸಿ ನೋಡಿದರು. ಅತ್ತಿತ್ತ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಕಿವಿಯಲ್ಲಿ ಹೇಳಿದರು:

"ಕೊಡ್ತೀನಿ ಕಣೇ. ಹೆಸರು ಮಾತ್ರ ನಿಂದು ಬರಿ. ನಂಗೂ ಮರ್ಯಾದೆ ಬೇಡ್ವಾ?"