ಮಾವನ ಇಂಗ್ಲಿಷ್‌ನಲ್ಲಿ ನಾನು ‘ಆಂಡ್’

ಇಂಗ್ಲಿಷ್ ಭಾಷೆಯನ್ನು ಹಾಳು ಮಾಡಿದವರು ಯಾರೆಂದು ಯಾರಾದರೂ ವಿಚಾರಣೆ ನಡೆಸಿದರೆ ಮೊದಲ ಆರೋಪಿಯಾಗಿ ಶಹಾಪುರದ ನನ್ನ ಸೋದರಮಾವನನ್ನು ನಿಲ್ಲಿಸಬೇಕು. ಎರಡನೆಯವನಾಗಿ ನನ್ನನ್ನು ನಿಲ್ಲಿಸಬಾರದು. ನಾನು ನಾನಾಗಿಯೇ ನಿಂತವನಲ್ಲ, ಅವರೇ ನಿಲ್ಲಿಸಿದ್ದು!

ಮಾವ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು. ಸಂಜೆ ತಮ್ಮ ಅಂಗಳದಲ್ಲಿ ಬಂದವರಿಗೆಲ್ಲ ಪುಕ್ಕಟೆ ಪಾಠ. ಹೊಲದಿಂದ ಬಂದವರು, ಅಂಗಡಿ ಮುಚ್ಚಿ ಬಂದವರು, ಹತ್ತನೆಯ ತರಗತಿಯ ಇಂಗ್ಲಿಷ್‌ನಲ್ಲಿ ಬಿದ್ದು ಎದ್ದವರು, ಎಲ್ಲರೂ ಅಲ್ಲಿರುತ್ತಿದ್ದರು. ಕರಿಹಲಗೆ ಇರಲಿಲ್ಲ. ಒಬ್ಬೊಬ್ಬರಿಗೆ ವಾಕ್ಯದಲ್ಲೊಂದು ಹುದ್ದೆ ಕೊಟ್ಟು, ಸಾಲಾಗಿ ನಿಲ್ಲಿಸಿ, ಈಗ ಓದಿರಿ ಎನ್ನುವುದೇ ಅವರ ಪಾಠ. ಕೊಟ್ಟ ಹುದ್ದೆಗೆ ವರ್ಗಾವಣೆ ಇಲ್ಲ, ಬಡ್ತಿ ಇಲ್ಲ, ನಿವೃತ್ತಿಯಂತೂ ಇಲ್ಲವೇ ಇಲ್ಲ. ಭಾಷೆ ಕಲಿಸುವ ರೀತಿಯೇ ಇದು? ನಾನು ಮುಂದೆ ವಿಶ್ವವಿದ್ಯಾಲಯದಲ್ಲಿ ಓದಿ ಬಂದವನು. ಇಂಥ ಪದ್ಧತಿಯನ್ನು ಯಾವ ಪಂಡಿತನೂ ಒಪ್ಪಿದ್ದು ನನಗೆ ಕಾಣಲಿಲ್ಲ.

ಕ್ರಿಯಾಪದದ ಹುದ್ದೆ ಅತ್ತೆಯದು. ಮನೆಯಲ್ಲಿ ಕೆಲಸ ಮಾಡುವವಳು ಅವಳೊಬ್ಬಳೇ, ಆದ್ದರಿಂದ ವರ್ಬ್ ಅವಳೇ ಎಂಬುದು ಮಾವನ ತರ್ಕ. ಮೊದಲು ಅತ್ತೆ ಇದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್‌ನಲ್ಲಿ ನಡುವೆಯೇ ಬರುತ್ತದೆ ಎಂದು ಒಂದು ದಿನ ಮಾವ ವಿವರಿಸಿದಾಗ ಆಕೆಯ ಕಿವಿ ನೆಟ್ಟಗಾಯಿತು.

“ಕನ್ನಡದಾಗ ಕೊನೀಗೆ ನಿಂದ್ರಸ್ತೀರಿ, ಊಟಕ್ಕೂ ಕೊನೀಗೇ ಕುಂದ್ರಸ್ತೀರಿ. ಇವತ್ತಿನಿಂದ ನಾ ಇಂಗ್ಲಿಷ್ ಪ್ರಕಾರ ಉಣ್ಣಾಕಿ” ಎಂದು ಹೇಳಿ ಅಂದು ರಾತ್ರಿ ನನಗೂ ಮಾವನಿಗೂ ನಡುವೆ ತಾಟು ಇಟ್ಟುಕೊಂಡು ಕೂತೇಬಿಟ್ಟಳು. ರೊಟ್ಟಿ ಬಡಿಯುವವರು ಯಾರು? ಮಾವ ಬಡಿದರು. ಆ ರೊಟ್ಟಿಗಳ ಆಕಾರದ ಬಗ್ಗೆ ನಾನೇನೂ ಹೇಳುವುದಿಲ್ಲ.

ಅತ್ತೆ ತವರಿಗೆ ಹೋದರೆ ಪಾಠ ಬಂದ್. ಬಂದವರನ್ನು ಮಾವ ಬಾಗಿಲಲ್ಲೇ ತಡೆಯುತ್ತಿದ್ದರು. “ವರ್ಬ್ ಸುರಪುರಕ್ಕ ಹೋಗ್ಯಾಳ. ಇವತ್ತ ಇಂಗ್ಲಿಷ್ ನಡಿಯಂಗಿಲ್ರಿ.”

ವಿಶೇಷಣದ ಹುದ್ದೆ ಎದುರುಮನೆಯ ಬಟ್ಟೆ ಅಂಗಡಿಯವರದು. ಅಡ್ಜೆಕ್ಟಿವ್ ಯಾವಾಗಲೂ ನಾಮಪದದ ಮುಂದೆಯೇ ನಿಲ್ಲಬೇಕು, ಮದುಮಗನ ಮುಂದೆ ಬಾಜಾ ಬಾರಿಸುವವರ ಹಾಗೆ. ಒಮ್ಮೆ ‘ಕಪ್ಪು ಎಮ್ಮೆ ನೀರು ಕುಡಿಯುತ್ತದೆ’ ಎಂಬ ವಾಕ್ಯ. ಮಾವ ನಾಮಪದವಾಗಿ ಎಮ್ಮೆಯನ್ನೇ ತಂದು ನಿಲ್ಲಿಸಿದರು! ತೊಗಲು ಕೆಂಪಗಿದ್ದ ಅಂಗಡಿಯವರು ತಮ್ಮನ್ನು ಬ್ಲ್ಯಾಕ್ ಎಂದದ್ದಕ್ಕೆ ಮುಖ ಗಂಟಿಕ್ಕಿಕೊಂಡು, ಎಮ್ಮೆಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಮುಂದೆ ನಿಂತರು. ಅತ್ತೆ ನೀರಿನ ಬಕೆಟ್ ತರಲು ತಡಮಾಡಿದಳು. ಕ್ರಿಯಾಪದಕ್ಕೆ ಕಾಯುವ ವ್ಯವಧಾನ ಎಮ್ಮೆಗೆಲ್ಲಿ? ಅದು ನೇರ ಕಾಲುವೆಯ ದಾರಿ ಹಿಡಿಯಿತು. ಅಂಗಡಿಯವರು ಹಗ್ಗದ ಜೊತೆಗೇ ಹೋದರು. ಮಾವನ ಮುಖದಲ್ಲಿ ಎಳ್ಳಷ್ಟೂ ಗಾಬರಿಯಿಲ್ಲ. ಧೂಳಿನ ಕಡೆ ಬೆರಳು ತೋರಿಸಿ, ನಾಮಪದ ಬಿಟ್ಟು ವಿಶೇಷಣ ಇರುವುದಿಲ್ಲ ಎಂದು ಹೇಳಿದ್ದೆನಲ್ಲ, ಕಣ್ಣಾರೆ ನೋಡಿರಿ ಎಂದರು. ಇದನ್ನು ನಾನು ಕಂಡೆನೋ, ಅತ್ತೆಯ ಬಾಯಿಂದ ಕೇಳಿ ಕೇಳಿ ಕಂಡಂತಾಗಿದೆಯೋ, ಈಗ ಖಾತ್ರಿಯಿಲ್ಲ. ನನ್ನ ನೆನಪು ಅಂಥ ನಂಬಿಕಸ್ತ ಸಾಕ್ಷಿಯಲ್ಲ.

ಆದರೆ ನನಗಾದ ಅವಮಾನ ಮಾತ್ರ ಚೆನ್ನಾಗಿ ನೆನಪಿದೆ. ನಾನು ಮಾವನ ಸ್ವಂತ ಅಕ್ಕನ ಮಗ, ಅವರ ಮನೆಯಲ್ಲೇ ಇದ್ದು ಓದುತ್ತಿದ್ದವನು, ನನಗೆ ಕೊಟ್ಟದ್ದು ಏನು? ‘ಆಂಡ್’! ಅರ್ಥವಿಲ್ಲದ, ಕೆಲಸವಿಲ್ಲದ, ಇದ್ದರೂ ಯಾರೂ ಗಮನಿಸದ ಪದ. ಉಳಿದವರಿಗೆ ಕೈಯಲ್ಲಿ ತಮ್ಮ ಪದ ಬರೆದ ಪಾಟಿಯಾದರೂ ಇರುತ್ತಿತ್ತು. ಆಂಡ್ ಮಾತ್ರ ಎರಡೂ ಕೈ ಖಾಲಿ ಇಟ್ಟುಕೊಳ್ಳಬೇಕು, ಆಚೆಯವರದೊಂದು ಈಚೆಯವರದೊಂದು ಕೈ ಹಿಡಿಯಬೇಕು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ “ಆಂಡ್ ಸಾಹೇಬ್ರ ಯಾವಾಗ ಬಂದ್ರಿ?” ಎನ್ನುತ್ತಾರೆ. ಗುರುಮಠಕಲ್‌ಗೆ ಹೆಣ್ಣು ನೋಡಲು ಹೋದಾಗ ಮಾವ ಹೆಮ್ಮೆಯಿಂದ, “ಹುಡುಗ ಸಣ್ಣಾಂವ ಇದ್ದಾಗಿಂದ ಆಂಡ್ ಅದಾನ್ರಿ” ಎಂದುಬಿಟ್ಟರು. ಹೆಣ್ಣಿನ ಕಡೆಯವರು ತಮ್ಮೊಳಗೆ ತೆಲುಗಿನಲ್ಲಿ ಗುಸುಗುಸು ಮಾತಾಡಿಕೊಂಡು, ಕೊನೆಗೆ, ಇದಕ್ಕೆ ಔಷಧವಿಲ್ಲವೇ ಎಂದು ಕೇಳಿದರು!

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿತ್ತು. ಪಾಠದ ಕೊನೆಗೆ ದಿನವೂ ಒಂದೇ ವಾಕ್ಯ. ನನ್ನ ಬಲಗೈ ಹಿಡಿದು ಮಾವ ‘ಐ’ ಆಗಿ ನಿಲ್ಲುತ್ತಿದ್ದರು. ಅವರ ಪಕ್ಕ ಅತ್ತೆ, ‘ಈಟ್’. ನನ್ನ ಎಡಕ್ಕೆ ಯಾರೂ ಇಲ್ಲ. ಶೇರ್ ಆಟೊಗೆ ಕೈ ಮಾಡುವವನ ಹಾಗೆ ಎಡಗೈ ಚಾಚಿ ನಾನು ಗಾಳಿ ಹಿಡಿದು ನಿಲ್ಲಬೇಕು. ರಜೆಗೆ ಬಂದಾಗಲೂ ಇದು ತಪ್ಪಲಿಲ್ಲ. ವಾಕ್ಯ ಆಂಡ್‌ನಿಂದ ಶುರುವಾಗುವುದು ಯಾವ ಊರ ವ್ಯಾಕರಣ ಎಂದು ನಾನು ಒಮ್ಮೆ ಜಗಳಕ್ಕೇ ನಿಂತೆ.

“ಅಲ್ಲಿ ‘ಹಿ’ ಅದಾನಲೇ” ಎಂದರು ಮಾವ. “ಇನ್ನಾ ಬಂದಿಲ್ಲ, ಅಷ್ಟ.”

ಹೆಸರು ಹೇಳಲಾಗದವರ ಬಾಯಿಗೆ ದೇವರು ಕೊಟ್ಟದ್ದು ಸರ್ವನಾಮ ಎಂದು ಮಾವ ಕಲಿಸುತ್ತಿದ್ದರು. ನಮ್ಮ ಹೆಂಗಸರು ಗಂಡನ ಹೆಸರು ಹೇಳದೆ ‘ಇವರು’ ಎನ್ನುವುದಿಲ್ಲವೇ, ಹಾಗೆ. ಮಾವನಿಗೂ ಹೆಸರು ಹೇಳಲಾಗದ ಒಬ್ಬರಿದ್ದರು. ಗೋಗಿಯಲ್ಲಿದ್ದ ಅವರ ಸ್ವಂತ ಅಣ್ಣ, ನನ್ನ ದೊಡ್ಡಮಾವ.

ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಮೇಲೆ ಅದರ ನಡುವೆ ಕಾಲುವೆ ಬಂತು. ಕೆಳಗಿದ್ದ ಮಾವನ ಪಾಲಿಗೆ ನೀರು ಹರಿದು ಭತ್ತವಾಯಿತು. ಮೇಲಿದ್ದ ಅಣ್ಣನ ಪಾಲು ತೊಗರಿ ಬೆಳೆಯುವ ಒಣ ಹೊಲವಾಗಿಯೇ ಉಳಿಯಿತು. ಕಾಲುವೆಯ ನಕ್ಷೆ ಇಂಗ್ಲಿಷ್‌ನಲ್ಲಿತ್ತು, ತಮ್ಮ ಮೊದಲೇ ಓದಿಕೊಂಡು ಕೆಳಗಿನದನ್ನು ಆರಿಸಿಕೊಂಡ ಎಂದು ದೊಡ್ಡಮಾವ ಊರೆಲ್ಲ ಹೇಳಿದರು. ಓದಿರಲಿಲ್ಲ ಎಂದು ಮಾವ ಒಮ್ಮೆ ಹೇಳಿದರು. ಅಣ್ಣ ನಂಬಲಿಲ್ಲ. ಎರಡನೆಯ ಸಲ ಹೇಳುವ ಜಾಯಮಾನ ಮಾವನದಲ್ಲ. ಅಂದಿನಿಂದ ಇವರ ಬಾಯಲ್ಲಿ ಅವರು ‘ಹಿ’, ಅವರ ಬಾಯಲ್ಲಿ ಇವರು ‘ಅಂವ’. ಆಮೇಲೆಯೇ ಅಂಗಳದ ಪಾಠ ಶುರುವಾದದ್ದು. ಇಂಗ್ಲಿಷ್ ಬಾರದ ಕಾರಣಕ್ಕೆ ಯಾರೂ ಯಾರ ಮೇಲೂ ಅನುಮಾನಪಡಬಾರದು ಎಂದು ಮಾವ ಹಟ ಹಿಡಿದಿದ್ದರು ಎಂದು ಅತ್ತೆ ಹೇಳುತ್ತಾಳೆ. ಮಾವ ನಕ್ಷೆ ಓದಿದ್ದರೋ ಇಲ್ಲವೋ? ನಾನು ಎಲ್ಲವನ್ನೂ ಅನುಮಾನಿಸುವವನು, ಇದನ್ನೂ ಬಿಟ್ಟಿಲ್ಲ. ಆದರೆ ಇಂಗ್ಲಿಷ್ ಕಲಿಸಲು ಎಮ್ಮೆಯನ್ನು ಅಂಗಳದಲ್ಲಿ ನಿಲ್ಲಿಸುವ ಮನುಷ್ಯ ಮೋಸ ಮಾಡಲು ಬೇಕಾದಷ್ಟು ಜಾಣನೇ ಎಂಬ ಪ್ರಶ್ನೆಯೂ ಇದೆಯಲ್ಲ!

ಹೀಗಿರುವಾಗ ಒಮ್ಮೆ ಎದೆನೋವೆಂದು ಮಾವನನ್ನು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದರು. ಮರುದಿನ ಆಪರೇಷನ್. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಚಹಾದ ಫ್ಲಾಸ್ಕ್ ಹಿಡಿದು ನಾನು ಒಳಗೆ ಹೋದಾಗ ಬಾಗಿಲ ಪಕ್ಕ, ಗೋಡೆಗೆ ಒತ್ತಿಕೊಂಡು ದೊಡ್ಡಮಾವ ನಿಂತಿದ್ದರು. ಗೋಗಿಯಿಂದ ಯಾವ ಬಸ್ಸು ಹಿಡಿದು ಬಂದಿದ್ದರೋ. ಮಂಚ ನಾಲ್ಕು ಮಾರು ದೂರವೂ ಇರಲಿಲ್ಲ.

“ಅಂವ ಹ್ಯಾಂಗದಾನ ಕೇಳು” ಎಂದರು ನನಗೆ.

“ಹಿ ಏನರೆ ತಿಂದಾನಿಲ್ಲೋ ಕೇಳು” ಎಂದರು ಮಾವ, ಸೂರು ನೋಡುತ್ತ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಬಂತು. ನೀವಿಬ್ಬರೂ ಏನು ತಿಳಿದುಕೊಂಡಿದ್ದೀರಿ, ನಾನೇನು ಟೆಲಿಫೋನ್ ತಂತಿಯೇ ಎಂದು ಕೂಗಿದೆ. ನರ್ಸ್ ಬಂದು ಗದರಿಸಿ ಹೋದಳು. ಮಂಚದ ಬಳಿ ಕೂತಿದ್ದ ಅತ್ತೆ ಮೆಲ್ಲಗೆ ಎದ್ದು ಬಂದು ನನ್ನ ಕೈಯಿಂದ ಡಬ್ಬಿಯನ್ನೂ ಫ್ಲಾಸ್ಕನ್ನೂ ಇಸಿದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮಾವ ರುಮಾಲಿನ ಅಂಚಿನಿಂದ ಮೂಗು ಒರೆಸಿಕೊಂಡು, ಈ ಸಲ ನನ್ನನ್ನು ನೋಡದೆ ಹೇಳಿದರು. “ಶಹಾಪುರದಾಗ ಎಮ್ಮಿಗೂ ಒಂದು ಜಾಗ ಕೊಟ್ಟಿ ಅಂತಲ್ಲೋ. ನನಗ ಒಂದು ಕೊಡಲಿಲ್ಲ.”

ಮಾವ ಸೂರು ನೋಡುವುದು ಬಿಟ್ಟು ಅಣ್ಣನ ಮುಖ ನೋಡಿದರು. “ನಿನ್ನ ಜಾಗ ನಾ ಯಾರಿಗೂ ಕೊಟ್ಟಿಲ್ಲೋ ಅಣ್ಣಾ” ಎಂದರು. “ಬೇಕಾದ್ರ ಇವನ್ನ ಕೇಳು.”

ದೊಡ್ಡಮಾವ ನನ್ನ ಕಡೆ ತಿರುಗಿದರು. ಸರ್ವನಾಮ, ಸಂಯೋಜಕ, ವಾಕ್ಯದ ಶುದ್ಧಿ, ನನ್ನ ಪದವಿ, ಎಲ್ಲದರ ಮೇಲೂ ನನ್ನ ಬಳಿ ಭಾಷಣಗಳಿದ್ದವು. ಅವನ್ನು ಬದಿಗಿಟ್ಟೆ. ಹೌದೆಂದು ತಲೆಯಾಡಿಸಿ, ಮಂಚದ ಪಕ್ಕಕ್ಕೆ ಹೋಗಿ ನಿಂತೆ. ಮಾವ ನನ್ನ ಬಲಗೈ ಹಿಡಿದುಕೊಂಡರು. ಅತ್ತೆ ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿ ಮುರಿಯತೊಡಗಿದಳು.

ಆಮೇಲೆ ದೊಡ್ಡಮಾವ ತಾವಾಗಿಯೇ ಬಂದು ನನ್ನ ಕೈ ಹಿಡಿದರು ಎಂದು ನನ್ನ ನೆನಪು. ಅಲ್ಲ, ನೀನೇ ಚಾಚಿದೆ, ಅಭ್ಯಾಸಬಲ ಎಂದು ಅತ್ತೆ ಈಗಲೂ ವಾದಿಸುತ್ತಾಳೆ. ಇರಬಹುದು. ಎಡಗೈ ಮಾತ್ರ ಅಂದು ಖಾಲಿ ಇರಲಿಲ್ಲ.